ಎದುವಾರ್ ಲ್ಯೂಕಾ ಮತ್ತು ಮೂವತ್ತೊಂಬತ್ತು ಅಂಕಿಗಳ ಸಂಖ್ಯೆ

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂಬುದು ಯೂಕ್ಲಿಡನ ಕಾಲದಿಂದಲೂ ತಿಳಿದ ಸಂಗತಿ. ಆದರೆ ಎದುರಿಗಿರುವ ಒಂದು ಬೃಹತ್ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ನಿರ್ಣಯಿಸುವುದು ಬೇರೆಯೇ ಮಾತು. ಅದಕ್ಕೆ ಹೊಸ ದಾರಿ ತೆರೆದವನು ವಿಶ್ವವಿದ್ಯಾಲಯದ ಪೀಠವನ್ನೇರದ ಒಬ್ಬ ಶಾಲಾಧ್ಯಾಪಕ.

ಎದುವಾರ್ ಲ್ಯೂಕಾ 1842ರಲ್ಲಿ ಫ್ರಾನ್ಸಿನ ಅಮಿಯಾಂ ನಗರದಲ್ಲಿ ಜನಿಸಿದನು. ಪ್ಯಾರಿಸಿನಲ್ಲಿ ಓದಿ, ಅಲ್ಲಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಕಾಲ ದುಡಿದು, 1870ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದನು. ಯುದ್ಧಾನಂತರದ ಬದುಕೆಲ್ಲ ಶಾಲೆಗಳಲ್ಲಿ ಗಣಿತ ಬೋಧಿಸುತ್ತ ಕಳೆಯಿತು.

2ರ ಯಾವ ಘಾತಗಳಿಂದ 1 ಕಳೆದರೆ ಅವಿಭಾಜ್ಯ ಸಂಖ್ಯೆ ದೊರೆಯುತ್ತದೆಂಬ ಪಟ್ಟಿಯೊಂದನ್ನು ಮೆರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿ 1644ರಲ್ಲಿ ಪ್ರಕಟಿಸಿದ್ದನು, ಸಾಧನೆಯನ್ನು ಕೊಟ್ಟಿರಲಿಲ್ಲ. ಪಟ್ಟಿಯಲ್ಲಿದ್ದ 31ನೆಯ ಘಾತವನ್ನು ಆಯ್ಲರನು 1772ರಲ್ಲಿ ದೃಢಪಡಿಸಿದನು. 127ನೆಯ ಘಾತದಿಂದ ದೊರೆಯುವ ಸಂಖ್ಯೆಗಾದರೋ 39 ಅಂಕಿಗಳು. ಹಳೆಯ ಕ್ರಮದಲ್ಲಿ ಒಂದೊಂದಾಗಿ ಭಾಗಿಸಿ ನೋಡಹೊರಟರೆ 20 ಅಂಕಿಗಳ ಭಾಜಕಗಳವರೆಗೆ ಸಾಗಬೇಕು. ಮನುಷ್ಯಾಯುಷ್ಯಕ್ಕೆ ಅದು ಅಸಾಧ್ಯ.

1876ರಲ್ಲಿ ಲ್ಯೂಕಾ ಅಪವರ್ತನಗಳ ಹುಡುಕಾಟವನ್ನೇ ಕೈಬಿಟ್ಟನು. ಅವನ ಕ್ರಮವನ್ನು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. 2ರ 7ನೆಯ ಘಾತದಿಂದ 1 ಕಳೆದರೆ 127. ಈಗ 3ರಿಂದ ಹೊರಟು, ಪ್ರತಿ ಪದವನ್ನೂ ವರ್ಗಿಸಿ 2 ಕಳೆಯುತ್ತ, ಫಲವು 127ನ್ನು ಮೀರಿದಾಗ ಅದರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಂಡರೆ 3, 7, 47, 48, 16, 0 ಎಂಬ ಶ್ರೇಣಿ ಬರುತ್ತದೆ. ಆರನೆಯ ಪದ ಸೊನ್ನೆಯಾದುದರಿಂದ 127 ಅವಿಭಾಜ್ಯ. 39 ಅಂಕಿಗಳ ಸಂಖ್ಯೆಗೆ ಇದೇ ರೀತಿ 126 ಪದಗಳು ಸಾಕು. ಆ ಗುಣಾಕಾರಗಳನ್ನು ಲ್ಯೂಕಾ ದ್ವಿಮಾನ ಪದ್ಧತಿಯಲ್ಲಿ, ಚದುರಂಗದಂಥ ಮನೆಗಳ ಮೇಲೆ ಕಾಯಿಗಳನ್ನು ನಡೆಸುವ ಆಟವಾಗಿ ರೂಪಿಸಿದನು. ಆದರೆ ಪಟ್ಟಿಯಲ್ಲಿದ್ದ 67 ಸುಳ್ಳಾಯಿತು: ಆ ಸಂಖ್ಯೆ ಅವಿಭಾಜ್ಯವಲ್ಲವೆಂದು, ಅದರ ಒಂದು ಅಪವರ್ತನವನ್ನೂ ಕಾಣದೆಯೇ, ಅವನು ಸಾರಿದನು. ಅಪವರ್ತನಗಳನ್ನು ಕೋಲ್ ಎಂಬ ಅಮೆರಿಕನ್ ಗಣಿತಜ್ಞ 1903ರಲ್ಲಿ ತೋರಿಸಿದನು.

1, 2, 3, 5, 8 ಎಂದು ಬೆಳೆಯುವ ಶ್ರೇಣಿಗೆ ಫಿಬೊನಾಚಿಯ ಹೆಸರು ರೂಢಿಯಾದುದೂ ಲ್ಯೂಕಾನಿಂದಲೇ. ಫಿಬೊನಾಚಿಗೆ ಮೊದಲೇ ಹೇಮಚಂದ್ರನು ಲಘುಗುರುಗಳ ಪ್ರಸ್ತಾರದಲ್ಲಿ ಇದನ್ನು ಹೇಳಿದ್ದನು. ನಾಲ್ಕು ಮಾತ್ರೆಯ ಗಣಕ್ಕೆ ಐದೇ ರೂಪಗಳೆಂದು ಬಲ್ಲ ಕನ್ನಡ ಛಂದಸ್ಸಿನ ವಿದ್ಯಾರ್ಥಿಗೆ ಈ ಶ್ರೇಣಿ ಹೊಸತಲ್ಲ.

1883ರಲ್ಲಿ ಗುಪ್ತನಾಮದಿಂದ ಹೊರತಂದ ಹನೋಯ್ ಗೋಪುರವೆಂಬ ಆಟದಿಂದ ಅವನ ಹೆಸರು ಮನೆಮನೆಗೂ ತಲುಪಿತು. ಕಾಶಿಯ ದೇವಾಲಯದಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಸರಿಸುತ್ತಿರುವರೆಂಬ ಕಲ್ಪಿತ ಕಥೆ ಅದರೊಂದಿಗೆ ಸೇರಿಕೊಂಡಿತು. ಬೇಕಾಗುವ ಚಲನೆಗಳು 18446744073709551615. ಇದೂ 2ರ ಘಾತದಿಂದ 1 ಕಳೆದ ಸಂಖ್ಯೆಯೇ. ಕೊನೆಯ ಅಂಕಿ 5 ಆದುದರಿಂದ ಅವಿಭಾಜ್ಯವಲ್ಲವೆಂದು ಮಕ್ಕಳೂ ಹೇಳಬಲ್ಲರು.

1891ರಲ್ಲಿ ಮಾರ್ಸೇಲಿನ ವಿಜ್ಞಾನ ಸಮ್ಮೇಳನದ ಔತಣದಲ್ಲಿ ಪಿಂಗಾಣಿಯ ಪಾತ್ರೆ ಬಿದ್ದೊಡೆದು, ಚೂರೊಂದು ಲ್ಯೂಕಾನ ಕೆನ್ನೆಯನ್ನು ಸೀಳಿತು. ಗಾಯ ನಂಜೇರಿ, ಅಕ್ಟೋಬರ್ 3ರಂದು, 49ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನ 39 ಅಂಕಿಗಳ ಸಂಖ್ಯೆ 1951ರವರೆಗೆ ತಿಳಿದಿದ್ದ ಅತಿದೊಡ್ಡ ಅವಿಭಾಜ್ಯವಾಗಿತ್ತು. 1930ರಲ್ಲಿ ಲೆಹ್ಮರನು ಪರಿಷ್ಕರಿಸಿದ ಅದೇ ಪರೀಕ್ಷೆಯಿಂದ, 2024ರಲ್ಲಿ 4,10,24,320 ಅಂಕಿಗಳ ಅವಿಭಾಜ್ಯವೊಂದು ಸಿದ್ಧಪಟ್ಟಿತು.