ಸತ್ಯೋಪದೇಶದ ಕಾವಲುಗಾರ ಸಂತ ಜೋಸೆಫ್ ವಾಜ್

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಹಿರಿಯರನ್ನು ಕೃತಜ್ಞತೆಯಿಂದ ನೆನೆಯುವುದು ಸಹಜ. ಅವರು ನಮಗೆ ಬಿಟ್ಟುಹೋದ ಆಸ್ತಿಗಳಲ್ಲಿ ಹೊಲಮನೆಗಳಿಗಿಂತ ಮಿಗಿಲಾದುದು ವಿಶ್ವಾಸ. ಆ ವಿಶ್ವಾಸವನ್ನು ಕಲಬೆರಕೆಯಿಲ್ಲದೆ ಉಳಿಸಿಕೊಂಡಿದ್ದೇವೆಯೇ ಎಂಬ ಪ್ರಶ್ನೆಯೂ ಇದೇ ಸಂದರ್ಭದಲ್ಲಿ ಏಳಬೇಕು. ಎರೆಭೂಮಿಯ ಒಕ್ಕಲಿಗನಿಗೆ ಗೊತ್ತಿರುವಂತೆ, ಕಾಳೂ ಜೊಳ್ಳೂ ಒಂದೇ ತೆನೆಯಿಂದ ಉದುರುತ್ತವೆ. ಕಣದಲ್ಲಿ ನಿಂತು ಗಾಳಿಗೆ ತೂರಿದಾಗಲೇ ಯಾವುದು ಯಾವುದೆಂದು ತಿಳಿಯುತ್ತದೆ. ಉಪದೇಶದ ವಿಷಯವೂ ಹೀಗೆಯೇ. ಕ್ರಿಸ್ತರ ಹೆಸರನ್ನು ಹೇಳಿಕೊಂಡು ಮನೆಬಾಗಿಲಿಗೆ ಬರುವ ಬೋಧನೆಗಳೆಲ್ಲವೂ ಕ್ರಿಸ್ತರ ಬೋಧನೆಗಳಲ್ಲ. ಈ ವಿವೇಕವನ್ನು ತಮ್ಮ ಬಾಳಿನಿಂದಲೇ ಕಲಿಸಿದ, ನಮ್ಮ ಕರ್ನಾಟಕದ ಕರಾವಳಿಯಲ್ಲಿ ನಡೆದಾಡಿದ ಗುರುವೊಬ್ಬರ ಚರಿತ್ರೆಯನ್ನು ಸಂಕ್ಷಿಪ್ತವಾಗಿ ಓದುಗರ ಮುಂದಿಡಲು ಬಯಸುತ್ತೇವೆ.

ಜೋಸೆಫ್ ವಾಜ್‌ರವರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿ ಎಂಬ ಗ್ರಾಮದಲ್ಲಿ ಜನಿಸಿದರು. ಅದು ಅವರ ತಾಯಿಯ ತವರೂರು. ತಂದೆಯ ಊರು ಸಾಂಕ್ವಾಳ್. ಹಳೆಯ ಗೋವೆಯಲ್ಲಿ ಯೇಸುಸಭೆಯವರ ಹಾಗೂ ದೊಮಿನಿಕ್ ಸಭೆಯವರ ವಿದ್ಯಾಲಯಗಳಲ್ಲಿ ಓದಿ 1676ರಲ್ಲಿ ಗುರುಪಟ್ಟವನ್ನು ಪಡೆದರು. ಮರುವರ್ಷ, ಆಗಸ್ಟ್ 5ರಂದು, ಸಾಂಕ್ವಾಳದ ದೇವಾಲಯದಲ್ಲಿ ತಮ್ಮನ್ನು ದೇವಮಾತೆಯ ದಾಸನೆಂದು ಒಪ್ಪಿಸಿಕೊಂಡು ಪತ್ರವನ್ನು ಬರೆದುಕೊಟ್ಟರು. ಮುಂದೆ ಅವರಿಗೆ ದೊರೆತ ಎಲ್ಲ ಅಧಿಕಾರಗಳನ್ನೂ ಅವರು ದಾಸನ ಭಾವದಿಂದಲೇ ನಿರ್ವಹಿಸಿದರು.

1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕನ್ನಡ ಜಿಲ್ಲೆಯ ಧರ್ಮಪ್ರಚಾರದ ಮುಖ್ಯಸ್ಥರನ್ನಾಗಿ ಕಳುಹಿಸಿದರು. ಆ ಕಾಲದಲ್ಲಿ ಕರಾವಳಿಯು ಕೆಳದಿಯ ನಾಯಕರ ಆಳ್ವಿಕೆಯಲ್ಲಿತ್ತು. ಅಲ್ಲಿಯ ಕ್ರೈಸ್ತರನ್ನು ಕಾಡುತ್ತಿದ್ದ ಸಂಕಟ ಮಾತ್ರ ಧರ್ಮಸಭೆಯ ಒಳಗಿನದಾಗಿತ್ತು. ಪೂರ್ವದೇಶಗಳ ಧರ್ಮಸಭೆಯನ್ನು ನೋಡಿಕೊಳ್ಳುವ ಹಕ್ಕನ್ನು ಜಗದ್ಗುರುಗಳು ಹಿಂದೆ ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು; ಇದಕ್ಕೆ ಪದ್ರುವಾದೊ ಎಂದು ಹೆಸರು. ಅನಂತರ 1622ರಲ್ಲಿ ರೋಮಾಪುರಿಯಲ್ಲಿ ಧರ್ಮಪ್ರಚಾರ ಸಭೆ ಸ್ಥಾಪನೆಯಾಗಿ, ಅದು ತನ್ನ ಪ್ರತಿನಿಧಿಗಳನ್ನು ನೇರವಾಗಿ ಕಳುಹಿಸತೊಡಗಿತು. ಹೀಗೆ ಒಂದೇ ನಾಡಿನಲ್ಲಿ ಒಂದು ಕಡೆ ಗೋವೆಯ ಗುರುಗಳು, ಇನ್ನೊಂದು ಕಡೆ ರೋಮಾಪುರಿಯಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊರವರು. ಇವರು ಕೊಟ್ಟ ಸಂಸ್ಕಾರ ಸಲ್ಲದು ಎಂದು ಅವರು, ಅವರಿಗೆ ಅಧಿಕಾರವಿಲ್ಲವೆಂದು ಇವರು. ತಾನು ಪಡೆದ ಪಾಪಕ್ಷಮೆ ನಿಜವೋ, ತನ್ನ ಮಗಳ ಮದುವೆ ಊರ್ಜಿತವೋ ಎಂದು ಬಡ ವಿಶ್ವಾಸಿಯು ಯಾರನ್ನು ಕೇಳಬೇಕು?

ಮೂವತ್ತು ವರ್ಷದ ತರುಣ ಗುರುವಾದ ವಾಜ್‌ರವರು ಇಲ್ಲಿ ತೋರಿದ ನಡತೆ ಗಮನಾರ್ಹವಾದುದು. ಅವರು ಪೀಠದ ಮೇಲಿನಿಂದ ಯಾರನ್ನೂ ಖಂಡಿಸಲಿಲ್ಲ. ಜನರನ್ನು ಪಂಗಡ ಕಟ್ಟಲು ಹುರಿದುಂಬಿಸಲಿಲ್ಲ. ನೇರವಾಗಿ ಮಂಗಳೂರಿಗೆ ಹೋಗಿ ಬಿಷಪರನ್ನು ಕಂಡು, ಅವರ ನೇಮಕದ ಪತ್ರವನ್ನು ತೋರಿಸಬೇಕೆಂದು ವಿನಯದಿಂದ ಬೇಡಿಕೊಂಡರು. ಪತ್ರವನ್ನು ಓದಿ, ಅದು ನಿಜವೆಂದು ಮನವರಿಕೆಯಾದೊಡನೆ ಅವರ ಅಧಿಕಾರವನ್ನು ಒಪ್ಪಿಕೊಂಡರು. ತಮ್ಮನ್ನು ಕಳುಹಿಸಿದ ಗೋವೆಯ ಹಕ್ಕನ್ನೂ ಬಿಟ್ಟುಕೊಡದೆ, ರೋಮಾಪುರಿಯ ತೀರ್ಮಾನ ಬರುವವರೆಗೆ ಜನರ ಆತ್ಮಗಳಿಗೆ ಹಾನಿಯಾಗದಂತೆ ನಡೆದುಕೊಳ್ಳುವ ದಾರಿಯನ್ನು ಹುಡುಕಿದರು. ಆ ಜಗಳದಲ್ಲಿ ಇಬ್ಬದಿಯವರದೂ ಒಂದೇ ವಿಶ್ವಾಸಪ್ರಮಾಣ, ಒಂದೇ ಬಲಿಪೂಜೆ. ಅಧಿಕಾರದ ಜಗಳವನ್ನು ಸಿದ್ಧಾಂತದ ಜಗಳವೆಂದು ಅವರು ಭ್ರಮಿಸಲಿಲ್ಲ. ಸೌಮ್ಯವಾಗಿ ತಾಳಿಕೊಳ್ಳಬೇಕಾದ ಭೇದ ಯಾವುದು, ಪ್ರಾಣ ಹೋದರೂ ಬಿಡಬಾರದ ಸತ್ಯ ಯಾವುದು ಎಂಬುದನ್ನು ಅರಿತವನೇ ನಿಜವಾದ ವಿವೇಕಿ.

ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಅವರು ದೇವಾಲಯಗಳನ್ನು ಕಟ್ಟಿಸಿದರು; ಶಾಲೆಗಳನ್ನು ತೆರೆದು, ಭಕ್ತಿಸಂಘಗಳನ್ನು ಸ್ಥಾಪಿಸಿದರು. ಹೊನ್ನಾವರವಿರುವ ಕಾರವಾರ ಧರ್ಮಪ್ರಾಂತ್ಯವು 1976ರವರೆಗೆ ನಮ್ಮ ಬೆಳಗಾವಿ ಧರ್ಮಪ್ರಾಂತ್ಯದ ಭಾಗವೇ ಆಗಿತ್ತೆಂಬುದನ್ನು ನೆನೆದರೆ, ಈ ಸಂತರು ನಮಗೆ ದೂರದವರಲ್ಲವೆಂದು ತಿಳಿಯುತ್ತದೆ. ಮಂಗಳೂರಿನ ಸಮೀಪದ ಮುಡಿಪಿನಲ್ಲಿ ಅವರ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದ ವಾಜ್‌ರವರು ಮರುವರ್ಷ ಸಂತ ಫಿಲಿಪ್ ನೇರಿಯವರ ಪದ್ಧತಿಯಂತೆ ಬಾಳತೊಡಗಿದ್ದ ದೇಶೀಯ ಗುರುಗಳ ಸಂಘವನ್ನು ಸೇರಿ ಅದರ ಶ್ರೇಷ್ಠರಾದರು. ಆದರೆ ಅವರ ಮನಸ್ಸು ಸಿಂಹಳದ್ವೀಪದ ಕಡೆಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು, ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿದ್ದರು. ಬಲಿಪೂಜೆಯನ್ನೂ ಪಾಪನಿವೇದನೆಯನ್ನೂ ಒಪ್ಪದ ಕ್ಯಾಲ್ವಿನನ ಮತವನ್ನು ಅಧಿಕಾರದ ಬಲದಿಂದ ಜನರ ಮೇಲೆ ಹೇರಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿಯ ವಿಶ್ವಾಸಿಗಳಿಗೆ ಗುರುಗಳಿರಲಿಲ್ಲ.

1687ರಲ್ಲಿ, ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನೊಡನೆ ವಾಜ್‌ರವರು ದ್ವೀಪವನ್ನು ಸೇರಿದರು. ಹೊತ್ತಿಗೆ ಭೇದಿರೋಗದಿಂದ ಸಾಯುವ ಸ್ಥಿತಿಯಲ್ಲಿದ್ದರು. ಗುಣವಾದ ಮೇಲೆ ಜಾಫ್ನಾದಲ್ಲಿ ಕೊರಳಿಗೆ ಜಪಮಾಲೆಯನ್ನು ಧರಿಸಿ ಮನೆಯಿಂದ ಮನೆಗೆ ಭಿಕ್ಷೆ ಬೇಡುತ್ತ ಹೊರಟರು. ಜಪಮಾಲೆಯನ್ನು ಕಂಡು ಯಾರ ಮುಖವರಳುವುದೋ ಅವರೇ ಕಥೋಲಿಕರೆಂದು ಗುರುತಿಸಿದರು. ಗುರುವಿಲ್ಲದ ಆ ದೀರ್ಘ ಕಾಲದಲ್ಲಿ ವಿಶ್ವಾಸವನ್ನು ಉಳಿಸಿದ್ದವರು ಮನೆಯ ಹಿರಿಯರು. ಉಳಿಸಿದ ಸಾಧನಗಳು ತಾಯಂದಿರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಜಪಗಳು. ಇದನ್ನು ನಮ್ಮ ಮನೆಗಳವರು ಮರೆಯಬಾರದು. ಕತ್ತಲಾದ ಮೇಲೆ ಬಲಿಪೂಜೆ, ಬೆಳಗಾಗುವುದರೊಳಗೆ ಬೇರೆ ಊರು. ಹೀಗೆ ಅವರ ಸೇವೆ ನಡೆಯಿತು. ಡಚ್ಚರು ಹುಡುಕಾಟವನ್ನು ಬಿಗಿಗೊಳಿಸಿ ಅನೇಕ ವಿಶ್ವಾಸಿಗಳನ್ನು ಸೆರೆಹಿಡಿದು ಹಿಂಸಿಸಿದರು. ಆದರೂ ವಾಜ್‌ರವರನ್ನು ಹಿಡಿಯಲಾಗಲಿಲ್ಲ.

1692ರಲ್ಲಿ ಅವರು ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನ ಕ್ಯಾಂಡಿ ರಾಜ್ಯಕ್ಕೆ ಹೋದರು. ಪೋರ್ಚುಗೀಸರ ಗೂಢಚಾರನೆಂಬ ಸುಳ್ಳು ಆರೋಪದಿಂದ ಅಲ್ಲಿ ಸೆರೆಯಾಯಿತು. ಸೆರೆಯ ಕಾಲವನ್ನು ಅವರು ಸಿಂಹಳ ಭಾಷೆಯನ್ನು ಕಲಿಯಲು ಬಳಸಿಕೊಂಡರು. 1696ರ ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದು ಪರಂಪರೆಯು ಹೇಳುತ್ತದೆ. 1697ರಲ್ಲಿ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ, ಅವರೂ ಅವರ ಸಹಾಯಕ ಗುರುಗಳೂ ಮತಭೇದವೆಣಿಸದೆ ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಇವರ ಉಪದೇಶ ಎಂತಹುದೆಂದು ಅರಸನಿಗೂ ಪ್ರಜೆಗಳಿಗೂ ಆಗ ಕಣ್ಣಾರೆ ಕಾಣಿಸಿತು.

ಜನರು ಅರಿಯದ ಭಾಷೆಯಲ್ಲಿ ಕಲಿಸಿದ ಸತ್ಯ ನಿಲ್ಲದೆಂದು ತಿಳಿದ ವಾಜ್‌ರವರು ಜಪಗಳನ್ನೂ ಧರ್ಮೋಪದೇಶವನ್ನೂ ತಮಿಳು ಸಿಂಹಳಗಳಿಗೆ ತಂದರು. 1705ರಲ್ಲಿ ಬಂದ ಗೋವೆಯ ಜಾಕೊಮೆ ಗೊನ್ಸಾಲ್ವಿಸ್‌ರವರು ಈ ಕೆಲಸವನ್ನು ಮುಂದುವರಿಸಿ ಎರಡೂ ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದರು. 1711ರ ಜನವರಿ 16ರಂದು ವಾಜ್‌ರವರು ಕ್ಯಾಂಡಿಯಲ್ಲಿ ದೈವಾಧೀನರಾದರು. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊ ನಗರದಲ್ಲಿ ಘೋಷಿಸಿದರು.

ಪ್ರಿಯ ವಿಶ್ವಾಸಿಗಳೇ, ಈ ಚರಿತ್ರೆಯನ್ನು ಓದಿ ಕೈಮುಗಿದರಷ್ಟೇ ಸಾಲದು. ನಮ್ಮ ಹಳ್ಳಿಗಳಲ್ಲಿಯೂ ರೋಗವಾಸಿಯ, ಧನಲಾಭದ ಆಸೆ ತೋರಿಸಿ, ಸಂಸ್ಕಾರಗಳು ಬೇಡ, ದೇವಮಾತೆಯ ಗೌರವ ತಪ್ಪು ಎಂದು ಬೋಧಿಸುವವರು ಬರುತ್ತಾರೆ. ಅಂಥವರು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇವರನ್ನು ಕಳುಹಿಸಿದವರು ಯಾರು? ಪ್ರೇಷಿತರಿಂದ ಬಂದ ವಿಶ್ವಾಸವನ್ನು ಇವರು ಪೂರ್ತಿಯಾಗಿ ಕಲಿಸುತ್ತಾರೆಯೇ, ತಮಗೆ ಬೇಕಾದಷ್ಟನ್ನೇ ಆರಿಸಿಕೊಂಡಿದ್ದಾರೆಯೇ? ಇವರ ಬೋಧನೆಯಿಂದ ಮನೆಯಲ್ಲಿ ಪ್ರೀತಿ ಹೆಚ್ಚುತ್ತದೆಯೇ, ಒಡಕು ಹೆಚ್ಚುತ್ತದೆಯೇ? ಉತ್ತರ ಹೊಳೆಯದಿದ್ದರೆ ವಾಜ್‌ರವರು ಮಂಗಳೂರಿನಲ್ಲಿ ಮಾಡಿದಂತೆ ನೇರವಾಗಿ ಹೋಗಿ ವಿಚಾರಿಸಿರಿ. ನಿಮ್ಮ ಗುರುಗಳ ಮನೆಯ ಬಾಗಿಲು ಅದಕ್ಕಾಗಿಯೇ ತೆರೆದಿದೆ.

ಹಾಗೆಂದು ಬೇರೆ ಸಭೆಯ ಕ್ರೈಸ್ತರನ್ನು ಹಗೆಗಳಂತೆ ಕಾಣಬಾರದು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರು ಈ ಸೀಮೆಯಲ್ಲಿ ಶಾಲೆಗಳನ್ನು ನಡೆಸಿ ಮಾಡಿದ ಉಪಕಾರವನ್ನು ನಾವು ಮರೆಯಲಾಗದು. ಭೇದಗಳನ್ನು ಮುಚ್ಚಿಡದೆ, ಸೋದರಭಾವವನ್ನೂ ಕೆಡಿಸದೆ ಬಾಳಬೇಕೆಂಬುದೇ ಎರಡನೆಯ ವ್ಯಾಟಿಕನ್ ಮಹಾಸಭೆಯು ಕಲಿಸಿದ ಪಾಠ. ಮನೆಮನೆಯಲ್ಲಿ ಸಂಜೆಯ ಜಪಮಾಲೆ ನಿಲ್ಲದಿರಲಿ. ಮಕ್ಕಳ ಧರ್ಮೋಪದೇಶ ತಪ್ಪದಿರಲಿ. ಆಗ ಎರಡನೆಯ ಶತಮಾನದ ವಿಶ್ವಾಸಿಗಳೂ ಕಾಳನ್ನೇ ಕಣಜಕ್ಕೆ ತುಂಬುವರು. ಸಂತ ಜೋಸೆಫ್ ವಾಜ್‌ರವರು ನಮ್ಮ ಧರ್ಮಕೇಂದ್ರಕ್ಕಾಗಿ ಪ್ರಾರ್ಥಿಸಲಿ.