ಆಶ್ರಯ ನೀಡಿದ ನಾಡಿಗೆ ನೆರಳು ಕಟ್ಟಿಕೊಟ್ಟ ಶಿಲ್ಪಿ

ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಹಿಟ್ಲರನ ದಬ್ಬಾಳಿಕೆಯಿಂದ ಪಾರಾದ ಯಹೂದಿಗಳಲ್ಲಿ ಸಹಸ್ರಾರು ಮಂದಿ ಚೀನಾದ ಶಾಂಘೈ ಸೇರಿ, ಅಲ್ಲಿನ ಬಡ ಚೀನೀಯರ ಕೇರಿಗಳಲ್ಲಿ ನೆರೆಹೊರೆಯವರಾಗಿ ಬಾಳಿದರು. ಚಿತ್ರದುರ್ಗ, ಹಿರಿಯೂರು ಸೀಮೆಗಳನ್ನೂ ಒಳಗೊಂಡಿದ್ದ ಅಂದಿನ ಮೈಸೂರು ಸಂಸ್ಥಾನಕ್ಕೂ ಅಂಥ ಒಬ್ಬ ನಿರಾಶ್ರಿತರು ಬಂದರು. ಅವರೇ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಅವರು 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಗಳಿಸಿದರು. ಅದೇ ವರ್ಷ ನಾಜಿಗಳು ಅಧಿಕಾರಕ್ಕೇರಿದರು. ಯಹೂದಿಯೆಂಬ ಕಾರಣಕ್ಕೆ ಅವರ ಕೆಲಸ ಹೋಯಿತು. ಈಜಿಪ್ಟಿಗೆ ತೆರಳಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆ ನಂಟೇ ಮುಂದೆ ಸೋದರಳಿಯನಿಗೂ ದಾರಿಯಾಯಿತು.

1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕೋನಿಗ್ಸ್‌ಬರ್ಗರ್ ಅವರನ್ನು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬರಮಾಡಿಕೊಂಡರು. ದಿವಾನರಿಗೆ ಗುಮ್ಮಟ, ಕಮಾನುಗಳೆಂದರೆ ಅಚ್ಚುಮೆಚ್ಚು. ಬರ್ಲಿನ್ನಿನಲ್ಲಿ ಕಲಿತವರಿಗೆ ಅಲಂಕಾರವೇ ಹೊರೆ. ಆಶ್ರಯವಿತ್ತವರ ಅಭಿರುಚಿಗೆ ಅವರು ಹಲವೆಡೆ ಮಣಿದರಾದರೂ ತಮ್ಮ ನಿಲುವನ್ನು ತೊರೆಯಲಿಲ್ಲ. ಬಿಸಿಲು ಎತ್ತಣಿಂದ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ಗಮನಿಸಿಯೇ ನಕ್ಷೆ ಬರೆದರು. ವಿಜ್ಞಾನ ಸಂಸ್ಥೆಯ ವೈಮಾನಿಕ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಕೃತಿಗಳು.

ಸ್ವಾತಂತ್ರ್ಯಾನಂತರ ಭುವನೇಶ್ವರದ ನಗರಯೋಜನೆ ರೂಪಿಸಿದರು. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡವರಿಗೆ ಸೂರು ಒದಗಿಸುವ ಹೊಣೆ, ತಾಯ್ನಾಡು ಕಳೆದುಕೊಂಡವರ ಹೆಗಲೇರಿತು. ಆದರೆ ಕಾರ್ಖಾನೆಯಲ್ಲಿಯೇ ಮನೆಯ ಭಾಗಗಳನ್ನು ಸಿದ್ಧಪಡಿಸುವ ದೆಹಲಿಯ ಯೋಜನೆ ವಿಫಲವಾಯಿತು. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು.

ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸುತ್ತ, ಹಲವು ದೇಶಗಳ ವಿದ್ಯಾರ್ಥಿಗಳಿಗೆ ಗುರುವಾದರು. 1999ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಬರ್ಲಿನ್ ಹೊರದೂಡಿದ ಪ್ರತಿಭೆಗೆ ಮೈಸೂರು ಸಂಸ್ಥಾನ ಕೊಟ್ಟದ್ದು ಬರಿಯ ನೌಕರಿಯಲ್ಲ, ಬದುಕಿನುದ್ದಕ್ಕೂ ಬೋಧಿಸಿದ ವಿದ್ಯೆಯ ಮೊದಲ ಪಾಠಶಾಲೆ. ಆ ಋಣವನ್ನು ಅವರು ಗಾಳಿ ಬೆಳಕಿನ ಕಟ್ಟಡಗಳಲ್ಲಿ ತೀರಿಸಿದರು.