ಹಾರ್ಡ್ ಡಿಸ್ಕ್ ಪಿತಾಮಹ ರೆನಾಲ್ಡ್ ಜಾನ್ಸನ್: ಒಬ್ಬ ಶಾಲಾ ಶಿಕ್ಷಕನ ಆಯ್ಕೆಯ ಕಥೆ

ಬಳಗಾನೂರು: ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಅಕ್ಕಿ ಗಿರಣಿಗಳ ಲೆಕ್ಕ, ಗೊಬ್ಬರದ ಅಂಗಡಿಗಳ ಉದ್ರಿ ಖಾತೆ, ಫೋಟೋ ಸ್ಟುಡಿಯೋಗಳ ಮದುವೆ ಆಲ್ಬಂ, ಡಿಟಿಪಿ ಕೇಂದ್ರಗಳ ಲಗ್ನಪತ್ರಿಕೆ ಇವೆಲ್ಲವೂ ಗಣಕಯಂತ್ರದೊಳಗೆ ಸೇರಿ ವರ್ಷಗಳೇ ಸಂದಿವೆ. ಮೇಜಿನ ಮೇಲಿನ ಯಂತ್ರ ಹಳತಾಗಿ ನಿಧಾನವಾದಾಗ ಅದರ ಒಡೆಯನ ಮುಂದೆ ಬಂದು ನಿಲ್ಲುವ ಪ್ರಶ್ನೆಯೊಂದಿದೆ. ಹೊಸದಾಗಿ ಹಾಕಿಸಬೇಕಾದದ್ದು ಹೈಬ್ರಿಡ್ ಡ್ರೈವೋ, ಸಾಲಿಡ್ ಸ್ಟೇಟ್ ಡ್ರೈವೋ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಮೆರಿಕದ ಒಬ್ಬ ಶಾಲಾ ಶಿಕ್ಷಕನ ಬದುಕನ್ನು ಒಮ್ಮೆ ನೋಡುವುದು ಲೇಸು. ಮಾಹಿತಿಯನ್ನು ಯಾವುದರಲ್ಲಿ ಇಡಬೇಕು ಎಂಬ ಇಂಥದೇ ಪ್ರಶ್ನೆಯನ್ನು ಎದುರಿಸಿ, ತಿರುಗುವ ತಟ್ಟೆಯನ್ನು ಆಯ್ದು, ಜಗತ್ತಿಗೆ ಹಾರ್ಡ್ ಡಿಸ್ಕ್ ಕೊಟ್ಟ ತಂಡದ ನಾಯಕ ಆತ. ಹೆಸರು ರೆನಾಲ್ಡ್ ಬಿ. ಜಾನ್ಸನ್.

ಪೆನ್ಸಿಲ್ ಗೀರಿನಿಂದ ಆರಂಭ

ಜಾನ್ಸನ್ ಜನಿಸಿದ್ದು 1906ರ ಜುಲೈ 16ರಂದು, ಅಮೆರಿಕದ ಮಿನ್ನೆಸೋಟ ರಾಜ್ಯದ ಸ್ವೀಡನ್ ಮೂಲದ ಕುಟುಂಬದಲ್ಲಿ. ಮಿನ್ನೆಸೋಟ ವಿಶ್ವವಿದ್ಯಾಲಯದಿಂದ 1929ರಲ್ಲಿ ಅವರು ಪಡೆದದ್ದು ಎಂಜಿನಿಯರಿಂಗ್ ಪದವಿಯನ್ನಲ್ಲ, ಶಿಕ್ಷಣ ಆಡಳಿತದ ಪದವಿಯನ್ನು. ಬಳಿಕ ಮಿಷಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕರಾದರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಲಕ್ಷಾಂತರ ಅಮೆರಿಕನ್ನರಂತೆ ಅವರೂ ಕೆಲಸ ಕಳೆದುಕೊಂಡರು.

ಆದರೆ ಕೆಲಸದಲ್ಲಿದ್ದಾಗಲೇ ಅವರ ತಲೆಯನ್ನು ಒಂದು ಯಂತ್ರ ಹೊಕ್ಕಿತ್ತು. ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳನ್ನು ರಾತ್ರಿಯಿಡೀ ಕುಳಿತು ತಿದ್ದುವ ಶಿಕ್ಷಕರ ಕಷ್ಟ ಅವರಿಗೆ ಹೊಸದಾಗಿರಲಿಲ್ಲ. ಬಾಲ್ಯದಲ್ಲಿ ಕಾರುಗಳ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್‌ನಿಂದ ಗೀರಿ, ಎಂಜಿನ್ ಚಾಲೂ ಆಗದಂತೆ ಮಾಡಿದ ತುಂಟತನವೂ ನೆನಪಿನಲ್ಲಿತ್ತು. ಪೆನ್ಸಿಲ್‌ನ ಗ್ರಾಫೈಟ್ ಮೂಲಕ ವಿದ್ಯುತ್ ಹರಿಯುತ್ತದೆ. ಪ್ಲಗ್‌ನ ಕಿಡಿ ಅದರಿಂದಲೇ ದಾರಿ ತಪ್ಪುತ್ತಿತ್ತು. ಹಾಗಾದರೆ ವಿದ್ಯಾರ್ಥಿ ಪೆನ್ಸಿಲ್‌ನಿಂದ ಗುರುತು ಮಾಡಿದ ಉತ್ತರ ಸರಿಯೋ ತಪ್ಪೋ ಎಂಬುದನ್ನು ವಿದ್ಯುತ್ತೇ ಏಕೆ ಪತ್ತೆ ಹಚ್ಚಬಾರದು? ಈ ಆಲೋಚನೆಯೇ ಅಂಕ ಎಣಿಸುವ ಯಂತ್ರವಾಯಿತು.

ಐಬಿಎಂ ಸಂಸ್ಥೆ 1934ರಲ್ಲಿ ಅವರನ್ನು ಎಂಜಿನಿಯರ್ ಆಗಿ ಸೇರಿಸಿಕೊಂಡಿತು. 1930ರ ದಶಕ ಮುಗಿಯುವ ಮುನ್ನವೇ ಐಬಿಎಂ 805 ಎಂಬ ಹೆಸರಿನಲ್ಲಿ ಅವರ ಯಂತ್ರ ಮಾರುಕಟ್ಟೆಗೆ ಬಂದಿತು. ಇಂದು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ನಮ್ಮ ಅಭ್ಯರ್ಥಿಗಳು ವೃತ್ತ ತುಂಬುವ ಒಎಂಆರ್ ಹಾಳೆ ಬೆಳಕಿನ ನೆರವಿನಿಂದ ಓದಲ್ಪಡುತ್ತದೆ, ಜಾನ್ಸನ್ ಯಂತ್ರದಂತೆ ವಿದ್ಯುತ್ತಿನಿಂದಲ್ಲ. ಆದರೂ ಯಂತ್ರವೇ ಅಂಕ ಎಣಿಸುವ ಪದ್ಧತಿಯ ಪೂರ್ವಜರಲ್ಲಿ ಈ ಶಿಕ್ಷಕನ ಹೆಸರು ಮೊದಲ ಸಾಲಿನಲ್ಲಿದೆ.

ಸ್ಯಾನ್ ಹೋಸೆಯ ಪ್ರಯೋಗಾಲಯ

1952ರಲ್ಲಿ ಐಬಿಎಂ ಜಾನ್ಸನ್ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳುಹಿಸಿತು. ನೋಟರ್ ಡೇಮ್ ಅವೆನ್ಯೂ ಎಂಬ ಬೀದಿಯ 99ನೇ ನಂಬರಿನ ಬಾಡಿಗೆ ಕಟ್ಟಡದಲ್ಲಿ ಹೊಸ ಪ್ರಯೋಗಾಲಯ ತೆರೆಯಿತು. ಸಿಬ್ಬಂದಿ ಸುಮಾರು 50 ಮಂದಿಯನ್ನು ಮೀರುವಂತಿರಲಿಲ್ಲ. ಏನನ್ನು ಸಂಶೋಧಿಸಬೇಕೆಂಬ ಆಯ್ಕೆ ಬಹುಮಟ್ಟಿಗೆ ಜಾನ್ಸನ್ ಅವರಿಗೇ ಸೇರಿತ್ತು.

ಅಂದಿನ ಕಚೇರಿಗಳಲ್ಲಿ ಲೆಕ್ಕವೆಂದರೆ ತೂತು ಕೊರೆದ ಕಾರ್ಡುಗಳ ಗುಡ್ಡೆ. ಒಂದು ಕಾರ್ಡಿನಲ್ಲಿ ಹಿಡಿಸುತ್ತಿದ್ದುದು 80 ಅಕ್ಷರ. ಒಬ್ಬ ಗ್ರಾಹಕನ ಬಾಕಿ ನೋಡಬೇಕೆಂದರೆ ತೊಟ್ಟಿಗಳಲ್ಲಿ ಜೋಡಿಸಿದ ಸಾವಿರಾರು ಕಾರ್ಡುಗಳ ನಡುವೆ ಕೈಯಾಡಿಸಬೇಕಿತ್ತು. ಇಲ್ಲವೇ ದಿನದ ವ್ಯವಹಾರವನ್ನೆಲ್ಲ ಒಟ್ಟುಗೂಡಿಸಿ, ವರ್ಗೀಕರಿಸಿ, ರಾತ್ರಿ ಒಮ್ಮೆಗೇ ಯಂತ್ರಕ್ಕೆ ಊಡಬೇಕಿತ್ತು. ಕಾಂತೀಯ ಟೇಪು ಬಂದಿತ್ತು. ಆದರೆ ಟೇಪಿನ ಕೊನೆಯಲ್ಲಿರುವ ಲೆಕ್ಕ ಬೇಕಾದರೆ ಅದನ್ನು ಮೊದಲಿನಿಂದ ಸುತ್ತುತ್ತ ಹೋಗಬೇಕು. ಕಾಂತೀಯ ಡ್ರಮ್ಮು ವೇಗವುಳ್ಳದ್ದು. ಆದರೆ ಅದರ ಹೊರಮೈ ಮಾತ್ರ ಬಳಕೆಗೆ ಒದಗುವುದರಿಂದ ಹಿಡಿಸುವುದು ಕಡಿಮೆ, ಖರ್ಚು ಹೆಚ್ಚು. ಇದೇ ಹೊತ್ತಿಗೆ ಅಮೆರಿಕದ ವಾಯುಪಡೆಯೂ ತನ್ನ ಉಗ್ರಾಣದ ಯಾವುದೇ ವಸ್ತುವಿನ ದಾಖಲೆಯನ್ನು ಕ್ಷಣಾರ್ಧದಲ್ಲಿ ತೆರೆದು ನೋಡುವ ವ್ಯವಸ್ಥೆಯನ್ನು ಬಯಸಿತ್ತು.

ಡ್ರಮ್ಮು, ಟೇಪು, ತಂತಿ, ಸರಳು, ಹಾಳೆ, ತಟ್ಟೆ ಇವೆಲ್ಲವನ್ನೂ ಜಾನ್ಸನ್ ತಂಡ ತೂಗಿ ನೋಡಿತು. ವೇಗವೊಂದನ್ನೇ ಅಥವಾ ಗಾತ್ರವೊಂದನ್ನೇ ಅಳೆದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು. ಕೇಳಿದ ದಾಖಲೆ ಎಲ್ಲೇ ಇರಲಿ, ಕೇಳಿದ ಕೂಡಲೇ ಕೈಗೆ ಸಿಗಬೇಕು. ಅದೂ ಕಚೇರಿಯ ಪೂರ್ತಿ ಲೆಕ್ಕ ಹಿಡಿಸುವಷ್ಟು ದೊಡ್ಡದಿರಬೇಕು, ಖರ್ಚೂ ತಾಳುವಂತಿರಬೇಕು. ಈ ಎಲ್ಲ ಅಗತ್ಯಗಳಿಗೂ ಹೊಂದಿದ್ದು ತಟ್ಟೆಯೊಂದೇ. ಒಂದರ ಮೇಲೊಂದು ಪೇರಿಸಿದರೆ ತಟ್ಟೆಯ ಎರಡು ಮುಖಗಳೂ ಬಳಕೆಗೆ ಒದಗುತ್ತವೆ. ತಟ್ಟೆ ಅದುರುತ್ತದೆ, ಓದುವ ಹೆಡ್ ಅದಕ್ಕೆ ತಗುಲಿದರೆ ಎಲ್ಲವೂ ಹಾಳು ಎಂಬ ಆಕ್ಷೇಪಗಳಿದ್ದರೂ ಜಾನ್ಸನ್ ತಟ್ಟೆಯನ್ನೇ ಆಯ್ದರು.

ಬಣ್ಣ, ಕಾಲುಚೀಲ ಮತ್ತು ಗಾಳಿ

ಆಯ್ಕೆ ಮಾಡಿದ್ದಾಯಿತು, ಕಟ್ಟುವುದು ಸುಲಭವಾಗಲಿಲ್ಲ. ಅಲ್ಯೂಮಿನಿಯಂ ತಟ್ಟೆಗೆ ಕಬ್ಬಿಣದ ಆಕ್ಸೈಡ್ ಬೆರೆತ ಬಣ್ಣವನ್ನು ಎಲ್ಲೆಡೆ ಒಂದೇ ದಪ್ಪಕ್ಕೆ ಬಳಿಯಬೇಕಿತ್ತು. ಕುಂಚದಿಂದ ಅದು ಸಾಧ್ಯವಿರಲಿಲ್ಲ. ತಂಡದ ಜೇಕಬ್ ಹಗೋಪಿಯನ್ ಕಂಡುಕೊಂಡ ಉಪಾಯ ಸರಳವಾಗಿತ್ತು. ಮಹಿಳೆಯರು ತೊಡುವ ನವಿರಾದ ಕಾಲುಚೀಲದಲ್ಲಿ ಬಣ್ಣವನ್ನು ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುವೆ ಸುರಿಯುವುದು. ತಿರುಗುವ ರಭಸಕ್ಕೆ ಬಣ್ಣ ತಾನೇ ಅಂಚಿನವರೆಗೂ ಸಮನಾಗಿ ಹರಡಿಕೊಳ್ಳುತ್ತದೆ. ಹೆಡ್ ತಟ್ಟೆಗೆ ತಗುಲದಂತೆ ತಡೆಯಲು ಬಿಲ್ ಗೊಡಾರ್ಡ್ ಮತ್ತು ಸಂಗಡಿಗರು ಒತ್ತಿದ ಗಾಳಿಯ ತೆಳುಪದರವನ್ನು ಬಳಸಿದರು. ಹೆಡ್ ಗಾಳಿಯ ಮೇಲೆ ತೇಲತೊಡಗಿತು. ತಟ್ಟೆಗೂ ಅದಕ್ಕೂ ನಡುವೆ ಉಳಿದ ಅಂತರ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಲೂ ಸ್ಟೀವನ್ಸ್, ಜಾನ್ ಲೈನಟ್ ಮೊದಲಾದವರ ದುಡಿಮೆಯೂ ಇದರಲ್ಲಿ ಸೇರಿದೆ. 1954ರ ಫೆಬ್ರುವರಿಯಲ್ಲಿ ಕಾರ್ಡಿನಿಂದ ತಟ್ಟೆಗೆ ಮಾಹಿತಿ ಮೊದಲ ಬಾರಿಗೆ ಯಶಸ್ವಿಯಾಗಿ ವರ್ಗಾವಣೆಯಾಯಿತು.

1956ರ ಸೆಪ್ಟೆಂಬರ್‌ನಲ್ಲಿ ಐಬಿಎಂ ಇದನ್ನು 305 ರಾಮ್ಯಾಕ್ ಎಂಬ ಗಣಕಯಂತ್ರದ ಭಾಗವಾಗಿ ಲೋಕಾರ್ಪಣೆ ಮಾಡಿತು. ತಲಾ 24 ಅಂಗುಲ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಘಟಕದ ತೂಕ ಒಂದು ಟನ್ನಿಗೂ ಹೆಚ್ಚು. ಅಷ್ಟರಲ್ಲಿ ಹಿಡಿಸಿದ್ದು 50 ಲಕ್ಷ ಅಕ್ಷರ, ಅಂದರೆ ಸುಮಾರು 62,500 ಕಾರ್ಡುಗಳ ಮಾಹಿತಿ. ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೆ ಅದು ಸಾಲದು. ತಿಂಗಳ ಬಾಡಿಗೆ 3,200 ಡಾಲರ್. ಆದರೂ ಬೇಕಾದ ದಾಖಲೆ ಸರಾಸರಿ 600 ಮಿಲಿಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡಿನೊಳಗೆ, ಕೈಗೆ ಸಿಗುತ್ತಿತ್ತು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಈ ಯಂತ್ರ ಚರಿತ್ರೆಯ ಪ್ರಶ್ನೆಗಳಿಗೆ ಹತ್ತು ಭಾಷೆಗಳಲ್ಲಿ ಉತ್ತರಿಸಿ ಜನರನ್ನು ಬೆರಗುಗೊಳಿಸಿತು.

ಕೊನೆಯ ವರ್ಷಗಳು

ಸಂಸ್ಥೆಯಿಂದ 1971ರಲ್ಲಿ ನಿವೃತ್ತರಾದ ಜಾನ್ಸನ್ ಮತ್ತೆ ಮಕ್ಕಳ ಕಡೆಗೆ ತಿರುಗಿದರು. ಓದಲು ಕಲಿಯುವ ಮಗುವಿಗೆ ಪುಟದ ಪದವನ್ನು ಕೇಳಿಸುವ ಮಾತಾಡುವ ಪುಸ್ತಕಕ್ಕಾಗಿ ಪುಟ್ಟ ಧ್ವನಿಯಂತ್ರ ರೂಪಿಸಿದರು. ಆಟಿಕೆ ತಯಾರಿಸುವ ಫಿಷರ್ ಪ್ರೈಸ್ ಸಂಸ್ಥೆ ಅದನ್ನು ಬಳಸಿಕೊಂಡಿತು. ಅವರ ಹೆಸರಿನಲ್ಲಿ 90ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. 1986ರಲ್ಲಿ ಅಮೆರಿಕ ಸರ್ಕಾರ ರಾಷ್ಟ್ರೀಯ ತಂತ್ರಜ್ಞಾನ ಪದಕ ನೀಡಿ ಗೌರವಿಸಿತು. 1998ರ ಸೆಪ್ಟೆಂಬರ್ 15ರಂದು, 92ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಅವರು ನಿಧನರಾದರು. ಮಾಹಿತಿ ಸಂಗ್ರಹ ಕ್ಷೇತ್ರದ ಸಾಧಕರಿಗೆ ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘಟನೆ ಅವರ ಹೆಸರಿನಲ್ಲಿಯೇ ಪ್ರಶಸ್ತಿ ನೀಡುತ್ತ ಬಂದಿತು.

ತಟ್ಟೆಗೆ ಬಂದ ಪ್ರತಿಸ್ಪರ್ಧಿ

ಜಾನ್ಸನ್ ಬದುಕಿದ್ದಾಗಲೇ ಅವರ ತಟ್ಟೆಗೆ ಪ್ರತಿಸ್ಪರ್ಧಿ ಹುಟ್ಟಿಯಾಗಿತ್ತು. 1967ರಲ್ಲಿ ಬೆಲ್ ಪ್ರಯೋಗಾಲಯದ ಡಾವೊನ್ ಕಾಂಗ್ ಮತ್ತು ಸೈಮನ್ ಸ್ಜೆ, ವಿದ್ಯುತ್ ಪೂರೈಕೆ ನಿಂತರೂ ಆವೇಶವನ್ನು ಹಿಡಿದಿಟ್ಟುಕೊಳ್ಳುವ ಟ್ರಾನ್ಸಿಸ್ಟರನ್ನು ಪ್ರಕಟಿಸಿದರು. ಆ ತತ್ವದ ಮೇಲೆ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ 1980ರ ದಶಕದಲ್ಲಿ ಫ್ಲ್ಯಾಶ್ ಮೆಮೊರಿ ರೂಪಿಸಿದರು. ಎಸ್‌ಎಸ್‌ಡಿ ಎಂದು ಕರೆಯುವ ಸಾಲಿಡ್ ಸ್ಟೇಟ್ ಡ್ರೈವ್‌ನಲ್ಲಿ ಇರುವುದು ಇದೇ ಚಿಪ್ಪು. ತಟ್ಟೆಯಿಲ್ಲ, ಹೆಡ್ ಇಲ್ಲ, ಸದ್ದಿಲ್ಲ.

ವ್ಯತ್ಯಾಸ ಎಷ್ಟೆಂಬುದಕ್ಕೆ ಜಾನ್ಸನ್ ಅವರ ಅಳತೆಗೋಲೇ ಸಾಕು. ಇಂದಿನ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಹೆಡ್ ಸರಿಯಾದ ಜಾಗಕ್ಕೆ ಸಾಗಿ, ಬೇಕಾದ ತುಣುಕು ಅದರ ಕೆಳಗೆ ಬರುವ ಹೊತ್ತಿಗೆ ಸರಾಸರಿ 12 ಮಿಲಿಸೆಕೆಂಡು ಕಳೆಯುತ್ತದೆ. 600 ಮಿಲಿಸೆಕೆಂಡಿನಿಂದ ಇಲ್ಲಿಗೆ ಇಳಿದಿರುವುದು ಸಣ್ಣ ಸಾಧನೆಯಲ್ಲ. ಆದರೆ ಎಸ್‌ಎಸ್‌ಡಿಗೆ ಅದೇ ಕೆಲಸಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಗಣಕಯಂತ್ರ ಚಾಲೂ ಆಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದುವುದರಿಂದ ಈ ಅಂತರ ನಿಮಿಷಗಳ ಕಾಯುವಿಕೆಯಾಗಿ ಬಳಕೆದಾರನ ಅನುಭವಕ್ಕೆ ಬರುತ್ತದೆ.

ಎಸ್‌ಎಸ್‌ಡಿ ದುಬಾರಿಯಾಗಿದ್ದ ದಿನಗಳಲ್ಲಿ ಹುಟ್ಟಿದ ರಾಜಿಸೂತ್ರವೇ ಹೈಬ್ರಿಡ್ ಡ್ರೈವ್. ಸೀಗೇಟ್ ಸಂಸ್ಥೆ 2010ರಲ್ಲಿ 4 ಜಿಬಿ ಫ್ಲ್ಯಾಶ್ ಜೋಡಿಸಿದ ಲ್ಯಾಪ್‌ಟಾಪ್ ಡ್ರೈವನ್ನೂ, 2013ರಲ್ಲಿ 8 ಜಿಬಿ ಫ್ಲ್ಯಾಶ್‌ನ ಡೆಸ್ಕ್‌ಟಾಪ್ ಡ್ರೈವನ್ನೂ ತಂದಿತು. ಮಾಹಿತಿಯೆಲ್ಲ ತಟ್ಟೆಯಲ್ಲಿ ಉಳಿಯುತ್ತದೆ. ಪದೇ ಪದೇ ಬೇಕಾಗುವುದರ ಪ್ರತಿಯನ್ನು ಡ್ರೈವ್ ತಾನೇ ಗುರುತಿಸಿ ಫ್ಲ್ಯಾಶ್‌ನಲ್ಲಿ ಇರಿಸಿಕೊಳ್ಳುತ್ತದೆ. ದಿನವೂ ಅವೇ ನಾಲ್ಕು ತಂತ್ರಾಂಶ ತೆರೆಯುವವರಿಗೆ ಇದರಿಂದ ಪ್ರಯೋಜನವುಂಟು. ಆದರೆ ನಿನ್ನೆ ತೆಗೆದ ಮದುವೆಯ ಚಿತ್ರಗಳನ್ನು ಇಂದು ಮೊದಲ ಬಾರಿಗೆ ತೆರೆಯುವ ಸ್ಟುಡಿಯೋದವರಿಗೆ ಅದು ಬರಿಯ ಹಾರ್ಡ್ ಡಿಸ್ಕಿನಂತೆಯೇ ವರ್ತಿಸುತ್ತದೆ. ಹೊಸದಕ್ಕೆ 8 ಜಿಬಿಯಲ್ಲಿ ಜಾಗ ಸಿಕ್ಕಿರುವುದಿಲ್ಲ. ಎಸ್‌ಎಸ್‌ಡಿ ಬೆಲೆ ಇಳಿದಂತೆ ಇಂಥ ಡ್ರೈವ್‌ಗಳು ಮಾರುಕಟ್ಟೆಯಿಂದ ಬಹುಮಟ್ಟಿಗೆ ಮರೆಯಾದವು; ಈಗ ಸಿಗುವುದು ಹೆಚ್ಚಾಗಿ ಹಳೆಯ ದಾಸ್ತಾನು ಅಥವಾ ಬಳಸಿದ ಮಾಲು.

ಜಾನ್ಸನ್ ಕೇಳಿಕೊಂಡ ಪ್ರಶ್ನೆಯನ್ನೇ ಇಂದಿನ ಗ್ರಾಹಕನೂ ಕೇಳಿಕೊಂಡರೆ ತೀರ್ಮಾನ ಕಷ್ಟವಲ್ಲ. ಯಾವ ಮಾಹಿತಿ ಕೂಡಲೇ ಬೇಕು, ಯಾವುದು ಅಪರೂಪಕ್ಕೆ ಬೇಕು? ವಿಂಡೋಸ್, ಲೆಕ್ಕದ ತಂತ್ರಾಂಶ, ಈ ವರ್ಷದ ಖಾತೆ ಇವು ಕೂಡಲೇ ಬೇಕಾದವು. ಇವಕ್ಕೆ ಎಸ್‌ಎಸ್‌ಡಿಯೇ ತಕ್ಕದ್ದು. ಲೆಕ್ಕಪತ್ರವಷ್ಟೇ ಇರುವ ಅಂಗಡಿಗೆ 256 ಅಥವಾ 512 ಜಿಬಿ ಸಾಕಾಗುತ್ತದೆ. ವರ್ಷಗಟ್ಟಲೆ ಕೂಡಿಬಿದ್ದ ಚಿತ್ರ, ವಿಡಿಯೋಗಳಿಗೆ ದೊಡ್ಡ ಹಾರ್ಡ್ ಡಿಸ್ಕ್ ಈಗಲೂ ಅಗ್ಗ. ಡೆಸ್ಕ್‌ಟಾಪ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡಕ್ಕೂ ಜಾಗವಿರುವುದರಿಂದ ಎರಡನ್ನೂ ಬೇರೆ ಬೇರೆಯಾಗಿ ಜೋಡಿಸುವುದೇ ನಿಜವಾದ ಹೈಬ್ರಿಡ್. ಸಾಟಾ ಕೇಬಲ್ ಇರುವ ಹಳೆಯ ಯಂತ್ರಕ್ಕೂ ಎಸ್‌ಎಸ್‌ಡಿ ಹೊಂದುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೆಡುವ ಮುನ್ನ ಹಾರ್ಡ್ ಡಿಸ್ಕ್ ಹಲವು ಬಾರಿ ಸದ್ದು ಮಾಡಿ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಒಮ್ಮೆಗೇ ನಿಂತುಹೋಗಬಹುದು; ಅದರಲ್ಲಿ ಅಳಿಸಿಹೋದದ್ದನ್ನು ಮರಳಿ ಪಡೆಯುವುದೂ ಕಷ್ಟ. ವರ್ಷಗಟ್ಟಲೆ ವಿದ್ಯುತ್ ಸಂಪರ್ಕವಿಲ್ಲದೆ ಪೆಟ್ಟಿಗೆಯಲ್ಲಿ ಇಡಲು ಅದು ತಕ್ಕುದಲ್ಲ, ಅದರಲ್ಲೂ ಸೆಕೆಯ ಸೀಮೆಯಲ್ಲಿ. ಒಂದು ಹಂಗಾಮಿನ ಭತ್ತದ ಲೆಕ್ಕ ಅಳಿದರೆ ಗಿರಣಿಗೂ ರೈತನಿಗೂ ನಡುವಿನ ನಂಬಿಕೆಯೇ ಅಲುಗಾಡುತ್ತದೆ. ಆದ್ದರಿಂದ ಯಾವ ಡ್ರೈವ್ ಆಯ್ದರೂ ಎರಡನೆಯ ಪ್ರತಿ ಬೇರೊಂದು ಕಡೆ ಇರಲೇಬೇಕು.

ಬಳಗಾನೂರು ಸೀಮೆಗೆ ಈ ಪಾಠ ಹೊಸದಲ್ಲ. ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆ ಹಚ್ಚಿದರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ದೃಢಪಡಿಸಿದ ಶಾಸನವದು. ಎರಡು ಸಾವಿರ ವರ್ಷ ಬಾಳಿದ ಆ ಬಂಡೆಯ ಮೇಲೂ ಕೆಲವು ಅಕ್ಷರಗಳು ಸವೆದುಹೋಗಿವೆ. ಆದರೆ ಅಶೋಕ ಆ ಆಜ್ಞೆಯನ್ನು ಒಂದೇ ಕಲ್ಲಿಗೆ ಒಪ್ಪಿಸಿರಲಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಕೊರೆಯಿಸಿದ್ದ. ಒಂದೆಡೆ ಸವೆದದ್ದನ್ನು ವಿದ್ವಾಂಸರು ಇನ್ನೊಂದೆಡೆಯ ಪಾಠದ ನೆರವಿನಿಂದ ಓದಿಕೊಂಡಿದ್ದಾರೆ.